ಚಿಕ್ಕಮ್ಮನಿಗೆ, ಮತ್ತೆ ನಿಮಗೆಲ್ಲ

ನನ್ನ ಮೊದಲ ಏಕವ್ಯಕ್ತಿ ಚಿತ್ರಪ್ರದರ್ಶನ ಭಾನುವಾರ ಮುಗಿಯಿತು. ಬಂದವರಿಗೆ, ಬರಲಾಗದೆ ಫೋನ್ ಮಾಡಿದವರಿಗೆ, ಫ್ರೇಮ್ ಹಾಕಿಕೊಟ್ಟವರಿಗೆ, ರಾತ್ರಿಯೆಲ್ಲ ನಿಂತು ಚಿತ್ರ ತೂಗುಹಾಕಿದ ಗೆಳೆಯರಿಗೆ ಮನಸಾರೆ ವಂದನೆ. ನಾನು ಚಿತ್ರ ಬರೆಯುತ್ತಿದ್ದ ಬಲಗೈಗೆ ಏನಾಯಿತು ಅನ್ನುವುದು ನಿಮಗೆಲ್ಲ ಗೊತ್ತೇ ಇದೆ, ಅದನ್ನು ಮತ್ತೆ ಬರೆಯುವುದಿಲ್ಲ.

ನನ್ನ ಚಿತ್ರಗಳ ಈ ಗೆರೆ ಎಲ್ಲಿಂದ ಬಂತು ಅಂತ ಬಹಳ ಜನ ಕೇಳಿದರು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರನ್ನು ನೆನೆಯಲೇಬೇಕು. ಲಯ ಅಂದರೇನು ಅಂತ ತಿಳಿಯಲು ಕಥಕ್ ಕಲಿತ ಚಿತ್ರಕಾರ ಅವರು. ಅವರ ರೇಖಾಚಿತ್ರಗಳನ್ನು ನಕಲು ಮಾಡಿ ಮಾಡಿಯೇ ನನ್ನ ಕೈ ಪಳಗಿದ್ದು.

ಆದರೆ ಅದಕ್ಕೂ ಮೊದಲು ಚಿಕ್ಕಮ್ಮ ಇದ್ದಳು. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ನೆನೆಸಿ ಅರೆದ ಅಕ್ಕಿಯ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಊರಲ್ಲಿ ಯಾರ ಮನೆ ಮದುವೆಯಾದರೂ ಚಿಕ್ಕಮ್ಮನಿಗೆ ಕರೆ ಬರುತ್ತಿತ್ತು. ನಾನು ಬಣ್ಣದ ಬಟ್ಟಲು ಹಿಡಿದು ಅವಳ ಹಿಂದೆ.

ಬಲಗೈಗೆ ಹಾಗಾದ ಮೇಲೆ, ಆಸ್ಪತ್ರೆಯ ಆ ರಾತ್ರಿ ಪಕ್ಕದಲ್ಲಿ ಕೂತವಳು ಅವಳೇ. ಇನ್ನು ಕುಂಚ ಹಿಡಿಯಲಾರೆ ಅಂತ ನಾನು ಅತ್ತೆ, ಬೈದೆ, ಎಲ್ಲರನ್ನೂ ಹೊರಗೆ ಹೋಗಿ ಅಂದೆ. ಉಳಿದವರು ಹೋದರು. ಅವಳು ಹೋಗಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಚಿತ್ತಾರ ಬರೆಯುವಾಗ ಹಾಡುವ ಹಾಡುಗಳನ್ನು ಬೆಳಗಿನ ತನಕ ಸಣ್ಣ ದನಿಯಲ್ಲಿ ಹೇಳುತ್ತಿದ್ದಳು. ಮನೆಗೆ ಬಂದ ಮೇಲೆ ಪುಂಡಿ ನಾರಿನ ಕುಂಚ ಕಟ್ಟಿ ನನ್ನ ಎಡಗೈಗೆ ಕೊಟ್ಟಳು. "ಒಂದೆಳೆ ಎಳಿ. ಸೊಟ್ಟಾದ್ರೆ ಆಗ್ಲಿ, ನಿಲ್ಲಿಸ್ಬೇಡ."

ಬಲಗೈಯಲ್ಲಿ ನಾನು ಜೋರಾಗಿ, ಒಂದೇ ಉಸಿರಿಗೆ ಎಳೆಯುತ್ತಿದ್ದೆ. ಎಡಗೈಗೆ ಆ ವೇಗ ಇಲ್ಲ. ನಾರಿನ ಕುಂಚವನ್ನು ಮತ್ತೆ ಮತ್ತೆ ಅದ್ದಬೇಕು, ಬಿಟ್ಟಲ್ಲಿಂದಲೇ ಎಳೆ ಹಿಡಿಯಬೇಕು. ನೀವು ನೋಡಿದ ಗೆರೆ, ನಡುನಡುವೆ ತೆಳುವಾಗಿ ಮತ್ತೆ ತುಂಬಿಕೊಳ್ಳುತ್ತದಲ್ವಾ, ಅದು ಬಂದದ್ದು ಹೀಗೆ. ಕೆಲವು ದಿನ ಈಗಲೂ ಬಲಗೈ ನೋಡಿದರೆ ತುಂಬಾ ಸಿಟ್ಟು ಬರುತ್ತದೆ. ಆದರೆ ಈ ಗೆರೆ ನನಗೆ ಹಳೆಯದಕ್ಕಿಂತ ಜಾಸ್ತಿ ಇಷ್ಟ. ಬಲಗೈ ಪೂರ್ತಿ ಸರಿಯಾದರೂ ಇದನ್ನು ಬಿಡುವುದಿಲ್ಲ.

ಚಿಕ್ಕಮ್ಮ, ತಮ್ಮ ಇದನ್ನು ನಿನಗೆ ಓದಿ ಹೇಳುತ್ತಾನೆ. ಭೂಮಿ ಹುಣ್ಣಿಮೆಗೆ ಊರಿಗೆ ಬರುತ್ತೇನೆ. ಪೂಜೆಗೆ ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ನೀನು ಬಳಿ, ಎಳೆ ನಾನು ಬರೆಯುತ್ತೇನೆ.