ಇ20 ಪೆಟ್ರೋಲ್ ಬಂದಮೇಲೆ ನಮ್ಮ ಟ್ಯೂನಿಂಗ್ ಕೆಲಸದಲ್ಲಿ ಆಗುತ್ತಿರುವ ಬದಲಾವಣೆ

ಆತ್ಮೀಯ ಗ್ರಾಹಕರೇ,

ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ವರ್ಕ್‌ಶಾಪಿನಲ್ಲಿ ಒಂದು ನಿಯಮ ಬದಲಾಗುತ್ತಿದೆ. ಯಾವುದೇ ಟರ್ಬೊ (ಇಂಜಿನ್ನಿಗೆ ಒತ್ತಡದಲ್ಲಿ ಗಾಳಿ ತುಂಬುವ ಸಾಧನ) ಗಾಡಿಯನ್ನು ಪೂರ್ತಿ ತಪಾಸಣೆ ಮಾಡದೆ ನಾವು ರೀಮ್ಯಾಪ್ (ಇಂಜಿನ್ ಕಂಪ್ಯೂಟರಿನ ಮ್ಯಾಪ್, ಅಂದರೆ ಪೆಟ್ರೋಲ್, ಕಿಡಿ, ಬೂಸ್ಟ್‌ಗಳ ಅಂಕಿಗಳನ್ನು ಹೊಸದಾಗಿ ಬರೆಯುವುದು) ಮಾಡುವುದಿಲ್ಲ. ತಪಾಸಣೆಯಲ್ಲಿ ಇಂಜಿನ್ ಪಾಸಾಗದಿದ್ದರೆ ಮೊದಲು ರಿಪೇರಿ, ಆಮೇಲೆ ಪವರ್. ಜೊತೆಗೆ, 2025ಕ್ಕಿಂತ ಮುಂಚೆ ನಮ್ಮಲ್ಲಿ ಟ್ಯೂನ್ ಮಾಡಿಸಿಕೊಂಡವರೆಲ್ಲ ಗಾಡಿಯನ್ನು ಇನ್ನೊಮ್ಮೆ ತಂದು ತೋರಿಸಿ. ನಿಮಗೆ ಈ ತಪಾಸಣೆ ಉಚಿತ. ಅಲ್ಲಿಯವರೆಗೆ ದಯವಿಟ್ಟು ಫುಲ್ ಬೂಸ್ಟ್‌ನಲ್ಲಿ (ಟರ್ಬೊ ಪೂರ್ತಿ ಒತ್ತಡದಲ್ಲಿ ಗಾಳಿ ತುಂಬುವಂತೆ) ಓಡಿಸಬೇಡಿ.

ಇದಕ್ಕೆ ಕಾರಣ ಪೆಟ್ರೋಲ್. ಎಥನಾಲ್ ಬೆರಕೆ ಹೊಸದೇನಲ್ಲ. 2022ರಲ್ಲೇ ದೇಶದಲ್ಲಿ ನೂರಕ್ಕೆ ಹತ್ತು ಪಾಲು ಬೆರೆಸುವುದು (ಇ10) ಬಂದಿತ್ತು. ಇ20, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್, ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು, ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಆಗ ಕೆಲವೇ ಬಂಕ್‌ಗಳಲ್ಲಿ ಸಿಗುತ್ತಿತ್ತು. 2025ರ ಹೊತ್ತಿಗೆ ಅದೇ ಸಾಮಾನ್ಯ ಪೆಟ್ರೋಲ್ ಆಯಿತು. ನೀವು ಕೇಳಿ, ಬಿಡಿ, ಟ್ಯಾಂಕಿಗೆ ಬೀಳುವುದು ಅದೇ.

ಇ20 ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ಟರ್ಬೊ ಇಂಜಿನ್‌ಗೆ ಬೇಕಾದ ಗುಣಗಳು ಎಥನಾಲಿನಲ್ಲಿವೆ. ಆಕ್ಟೇನ್ ಜಾಸ್ತಿ. ಆವಿಯಾಗುವಾಗ ಒಳಗೆ ಹೋಗುವ ಗಾಳಿಯನ್ನು ತಣ್ಣಗೆ ಮಾಡುತ್ತದೆ. ಅದರಿಂದ ನಾಕಿಂಗ್ (ಮಿಶ್ರಣ ತಪ್ಪಾದ ಹೊತ್ತಿಗೆ ತಾನೇ ಹೊತ್ತಿ ಸಿಡಿಯುವುದು) ಕಡಿಮೆಯಾಗುತ್ತದೆ. ಇ20ಗೆ ಅಂತಲೇ ಮ್ಯಾಪ್ ಬರೆದರೆ ಹಳೆಯ ಸಾದಾ ಪೆಟ್ರೋಲಿಗಿಂತ ಚೆನ್ನಾಗಿಯೇ ಓಡಿಸಬಹುದು. ತೊಂದರೆ ಬರುವುದು ಹಳೆಯ ಮ್ಯಾಪ್ ಇಟ್ಟುಕೊಂಡು ಹೊಸ ಪೆಟ್ರೋಲ್ ಹಾಕಿದಾಗ.

ಲೆಕ್ಕ ಹೀಗಿದೆ. ಒಂದು ಕೆಜಿ ಬರೀ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಒಂದು ಕೆಜಿ ಎಥನಾಲಿಗೆ ಸುಮಾರು 9 ಕೆಜಿ ಸಾಕು. ಇ10ಗೆ ಇದು 14.1ರ ಹತ್ತಿರ, ಇ20ಗೆ 13.5ರ ಹತ್ತಿರ. ಅಂದರೆ ಅಷ್ಟೇ ಗಾಳಿಗೆ ಇ10ಗಿಂತ ಸುಮಾರು ನೂರಕ್ಕೆ ನಾಲ್ಕು ಪಾಲು ಜಾಸ್ತಿ ಇ20 ಕೊಡಬೇಕು. ಊರೊಳಗೆ ನಿಧಾನವಾಗಿ ಹೋಗುವಾಗ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಇದನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಆದರೆ ಪೆಡಲ್ ಪೂರ್ತಿ ಒತ್ತಿ ಬೂಸ್ಟ್ ಏರಿದಾಗ ಹಳೆಯ ಗಾಡಿಗಳ ಇಸಿಯು ಸೆನ್ಸರನ್ನು ಬದಿಗಿಟ್ಟು ಮ್ಯಾಪ್‌ನಲ್ಲಿ ಬರೆದಿರುವ ಅಂಕಿಗಳ ಪ್ರಕಾರ ಪೆಟ್ರೋಲ್ ಕೊಡುತ್ತದೆ.

ನಾಲ್ಕು ಪಾಲು ತಾನೇ ಅನ್ನಿಸಬಹುದು. ಕಂಪನಿ ಮ್ಯಾಪ್ ಇರುವ ಗಾಡಿಗೆ ಅದು ಚಿಕ್ಕದೇ. ಕಂಪನಿಯವರು ಅಷ್ಟು ಜಾಗ ಬಿಟ್ಟೇ ಇರುತ್ತಾರೆ. ಟ್ಯೂನ್ ಆದ ಗಾಡಿಯಲ್ಲಿ ಆ ಜಾಗವನ್ನು ಪವರ್‌ಗೆ ಅಂತ ಆಗಲೇ ಬಳಸಿಕೊಂಡಿರುತ್ತದೆ. ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸುವ ಭಾಗ) ನೂರಕ್ಕೆ ತೊಂಬತ್ತು ಪಾಲು ಹೊತ್ತು ತೆರೆದೇ ಇದ್ದರೆ ಇನ್ನು ಕೊಡಲು ಏನು ಉಳಿದಿದೆ? ಪೆಟ್ರೋಲ್ ಪಂಪ್ ಹಳೆಯದಾಗಿದ್ದರೆ ಅದೂ ಇಲ್ಲ. ಮಿಶ್ರಣ ಲೀನ್ ಆಗುತ್ತದೆ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ), ಒಳಗಿನ ಬಿಸಿ ಏರುತ್ತದೆ, ಪಿಸ್ಟನ್ ರಿಂಗ್‌ಗಳ ನಡುವಿನ ಅಂಚು ಬಿರುಕು ಬಿಡುತ್ತದೆ. ನಮಗೆ ಭಯ ಹುಟ್ಟಿಸುವ ಸಂಗತಿ ಏನೆಂದರೆ, ಓಡಿಸುವವರಿಗೆ ಇದು ಗೊತ್ತೇ ಆಗುವುದಿಲ್ಲ. ಸ್ವಲ್ಪ ಲೀನ್ ಆದ ಇಂಜಿನ್‌ನಲ್ಲಿ ಪಿಕಪ್ ಇನ್ನೂ ಚೆನ್ನಾಗಿದೆ ಅನ್ನಿಸುತ್ತದೆ.

ಎಎಫ್‌ಆರ್ (ಗಾಳಿ-ಪೆಟ್ರೋಲ್ ಪ್ರಮಾಣ) ಗೇಜ್ ಹಾಕಿಸಿಕೊಂಡವರಿಗೆ ಒಂದು ಮಾತು. ಆ ಗೇಜ್ ಅಳೆಯುವುದು ಲ್ಯಾಂಬ್ಡಾ, ಅಂದರೆ ಬೇಕಾದ ಗಾಳಿಗೆ ಹೋಲಿಸಿದರೆ ಇರುವ ಗಾಳಿ ಎಷ್ಟು ಅಂತ. ಅದನ್ನು 14.7ರಿಂದ ಗುಣಿಸಿ ನಿಮಗೆ ತೋರಿಸುತ್ತದೆ, ಅಷ್ಟೇ. ಟ್ಯಾಂಕಿನಲ್ಲಿ ಯಾವ ಪೆಟ್ರೋಲ್ ಇದೆ ಅಂತ ಅದಕ್ಕೆ ಗೊತ್ತಿಲ್ಲ. ಗೇಜನ್ನು ಲ್ಯಾಂಬ್ಡಾಗೆ ಬದಲಾಯಿಸಿಕೊಳ್ಳಿ. ಆಗ ಇ10, ಇ20 ಎರಡಕ್ಕೂ ಒಂದೇ ಅಂಕಿ ನೋಡಿದರೆ ಸಾಕು. ಬಂದಾಗ ಕೇಳಿದರೆ ನಾವೇ ಬದಲಾಯಿಸಿ ಕೊಡುತ್ತೇವೆ.

ನಮಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಇರುವುದು ಮಿತ್ಸುಬಿಷಿ ಲ್ಯಾನ್ಸರ್ ಇವೊ 10 ಬಗ್ಗೆ. ಈ ಗಾಡಿ ಇಟ್ಟುಕೊಂಡವರು ಎಷ್ಟು ಪ್ರೀತಿಯಿಂದ ನೋಡಿಕೊಳ್ಳುತ್ತಾರೆ ಅಂತ ನಮಗೆ ಗೊತ್ತು. ಉತ್ಪಾದನೆ ನಿಂತು ಎಷ್ಟೋ ವರ್ಷವಾಯಿತು, ಪಾರ್ಟ್ಸ್ ಸಿಗುವುದು ಕಷ್ಟ, ಒಂದು ಇಂಜಿನ್ ಹೋದರೆ ತಿಂಗಳುಗಟ್ಟಲೆ ಕಾಯಬೇಕು. ಹಳೆಯ ಇವೊಗಳ 4ಜಿ63 ಇಂಜಿನ್ನಿಗೆ ಕಬ್ಬಿಣದ ಬ್ಲಾಕ್ ಇತ್ತು, ಟೈಮಿಂಗ್ ಬೆಲ್ಟ್ ಇತ್ತು. ಇವೊ 10ರ 4ಬಿ11 ಇಂಜಿನ್ನಿನದು ಅಲ್ಯೂಮಿನಿಯಂ ಬ್ಲಾಕ್, ಒಳಗೆ ಚೈನ್. ಚೈನ್ ಅಂದರೆ ನೋಡಿಕೊಳ್ಳುವ ಅಗತ್ಯವೇ ಇಲ್ಲ ಅಂತ ಹಲವರು ನಂಬಿದ್ದಾರೆ. ಹಾಗಲ್ಲ. ಆಯಿಲ್ ಹಳೆಯದಾದರೆ ಚೈನ್ ಸವೆದು ಉದ್ದವಾಗುತ್ತದೆ, ಕ್ಯಾಮ್ ಟೈಮಿಂಗ್ (ವಾಲ್ವ್ ತೆರೆದು ಮುಚ್ಚುವ ಹೊತ್ತು) ತಪ್ಪುತ್ತದೆ. ಅಂಥ ಇಂಜಿನ್ ಮೇಲೆ ಎಷ್ಟು ಒಳ್ಳೆಯ ಮ್ಯಾಪ್ ಬರೆದರೂ ಉಪಯೋಗವಿಲ್ಲ. ಬೆಳಿಗ್ಗೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದಾಗ ಚೈನ್ ಸದ್ದು ಮಾಡಿದರೆ ಅದು ಮೊದಲ ಸುಳಿವು. ಅದಕ್ಕೇ ಗಾಡಿಯನ್ನು ಹಿಂದಿನ ದಿನ ಸಂಜೆಯೇ ಬಿಟ್ಟುಹೋಗಿ ಅಂತ ಕೇಳುತ್ತಿದ್ದೇವೆ. ಎಸ್‌ಎಸ್‌ಟಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್) ಗೇರ್‌ಬಾಕ್ಸ್ ಇರುವವರು ಅದರ ಆಯಿಲ್ ಮತ್ತು ಫಿಲ್ಟರ್ ಕೊನೆಗೆ ಯಾವಾಗ ಬದಲಾಯಿಸಿದ್ದು ಅಂತಲೂ ಬರೆದು ತನ್ನಿ. ಟಾರ್ಕ್ ಹೆಚ್ಚಿಸಿದರೆ ಮೊದಲು ಬಿಸಿಯಾಗುವುದು ಅದರ ಕ್ಲಚ್.

ಮಾರುತಿ ಬಲೆನೊ ಆರ್‌ಎಸ್ ಕಥೆ ಬೇರೆ. 2017ರಿಂದ 2020ರವರೆಗೆ ಮಾರಾಟವಾದ ಗಾಡಿ, 998 ಸಿಸಿಯ ಮೂರು ಸಿಲಿಂಡರ್ ಬೂಸ್ಟರ್‌ಜೆಟ್ ಇಂಜಿನ್, ಕಂಪನಿ ಲೆಕ್ಕದಲ್ಲಿ 102 ಪಿಎಸ್. ಇದು ಡೈರೆಕ್ಟ್ ಇಂಜೆಕ್ಷನ್. ಪೆಟ್ರೋಲ್ ನೇರ ಸಿಲಿಂಡರ್ ಒಳಗೇ ಬೀಳುವುದರಿಂದ ಇನ್‌ಟೇಕ್ ವಾಲ್ವ್ ತೊಳೆಯುವಂತಿಲ್ಲ, ಅಲ್ಲಿ ಕಾರ್ಬನ್ ಕೂರುತ್ತದೆ. ರೀಮ್ಯಾಪ್‌ಗೆ ಮುಂಚೆ ಕ್ಯಾಮೆರಾ ಬಿಟ್ಟು ಅದನ್ನು ನೋಡುತ್ತೇವೆ. ಇನ್ನೊಂದು ವಿಷಯ ನಿಮ್ಮ ಕೈಯಲ್ಲೇ ಇದೆ. ಐದನೇ ಗೇರಿನಲ್ಲಿ 1,500 ಆರ್‌ಪಿಎಂ ಇರುವಾಗ ಪೆಡಲ್ ಪೂರ್ತಿ ಒತ್ತಬೇಡಿ. ಚಿಕ್ಕ ಟರ್ಬೊ ಇಂಜಿನ್‌ಗಳಲ್ಲಿ ಕಡಿಮೆ ಸ್ಪೀಡಿನಲ್ಲಿ ಜಾಸ್ತಿ ಭಾರ ಬಿದ್ದಾಗ ಪ್ಲಗ್ ಕಿಡಿ ಬರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳುವುದುಂಟು. ಅದು ಒಂದೇ ಏಟಿಗೆ ಪಿಸ್ಟನ್ ಒಡೆಯಬಲ್ಲದು. ಒಂದು ಗೇರ್ ಇಳಿಸಿ, ಆಮೇಲೆ ಒತ್ತಿ. ಆಯಿಲ್ ಎಪಿಐ ಎಸ್‌ಪಿ ದರ್ಜೆಯದೇ ಇರಲಿ. ಈ ತೊಂದರೆ ತಡೆಯುವ ಪರೀಕ್ಷೆಯೂ ಆ ದರ್ಜೆಯಲ್ಲಿ ಸೇರಿದೆ.

ತಪಾಸಣೆಯಲ್ಲಿ ಏನು ಮಾಡುತ್ತೇವೆ ಅಂತ ಕೇಳುತ್ತೀರಿ. ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಯುತ್ತೇವೆ. ಸಿಲಿಂಡರಿನಿಂದ ಸಿಲಿಂಡರಿಗೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಗಾಳಿ ತುಂಬಿ, ಅದು ಎಲ್ಲಿಂದ ಸೋರುತ್ತಿದೆ ಅಂತ ಹುಡುಕುತ್ತೇವೆ. ಟರ್ಬೊದಿಂದ ಇಂಟರ್‌ಕೂಲರ್ (ಟರ್ಬೊ ಗಾಳಿಯನ್ನು ತಣಿಸುವ ಭಾಗ) ವರೆಗಿನ ಪೈಪು, ಕ್ಲಿಪ್ಪುಗಳಿಗೆ ಒತ್ತಡ ಕೊಟ್ಟು ನೋಡುತ್ತೇವೆ. ಪ್ಲಗ್ ಬಿಚ್ಚಿ ಬಣ್ಣ ನೋಡುತ್ತೇವೆ. ಪೆಟ್ರೋಲ್ ಒತ್ತಡ ಫುಲ್ ಬೂಸ್ಟ್‌ನಲ್ಲಿ ಬೀಳುತ್ತದೆಯಾ ಅಂತ ಲಾಗ್ ಮಾಡುತ್ತೇವೆ. ಆ ಲಾಗ್ ನಿಮಗೂ ಕೊಡುತ್ತೇವೆ. ನಮ್ಮ ಮೇಲೆ ನಂಬಿಕೆ ಇದ್ದರೂ ಕಾಗದ ನಿಮ್ಮ ಕೈಯಲ್ಲಿರುವುದು ಒಳ್ಳೆಯದು, ಅಲ್ವಾ?

ಹೊಸದಾಗಿ ಬರುವವರಿಗೆ ಇದರ ಚಾರ್ಜ್ 6,500 ರೂಪಾಯಿ. ಒಂದು ತಿಂಗಳೊಳಗೆ ನಮ್ಮಲ್ಲೇ ರೀಮ್ಯಾಪ್ ಮಾಡಿಸಿದರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ. ಬೇರೆ ಕಡೆ ಎರಡು ಗಂಟೆಯಲ್ಲಿ ಲ್ಯಾಪ್‌ಟಾಪ್ ಹಾಕಿ ಕೊಡುತ್ತಾರೆ ಅಂತ ಕೆಲವರು ಹೇಳಿದ್ದಾರೆ. ಹಾಗೆ ಕೊಡುವ ಫೈಲು ಎಲ್ಲಿ, ಯಾವ ಪೆಟ್ರೋಲಿಗೆ ಬರೆದದ್ದು ಅಂತ ಒಂದು ಸಲ ಕೇಳಿ. ಜಪಾನಿನ ಹೈ ಆಕ್ಟೇನ್ ಪೆಟ್ರೋಲಿಗೆ, ಸಮುದ್ರದ ಮಟ್ಟದ ಗಾಳಿಗೆ ಬರೆದ ಫೈಲನ್ನು ಸುಮ್ನೆ ಇಲ್ಲಿ ಹಾಕಲು ಆಗುವುದಿಲ್ಲ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು ನೂರಕ್ಕೆ ಹತ್ತು ಪಾಲು ಕಡಿಮೆ. ಅಷ್ಟೇ ಗಾಳಿ ಒಳಗೆ ತುಂಬಲು ಟರ್ಬೊ ಇನ್ನೂ ಜೋರಾಗಿ ತಿರುಗಬೇಕು, ಬಿಸಿಯೂ ಜಾಸ್ತಿ. ಇದರ ಉಲ್ಟಾ ಕೂಡ ನಿಜ. ಮಂಗಳೂರು, ಉಡುಪಿ ಕಡೆಯಿಂದ ಬಂದು ಇಲ್ಲಿ ಟ್ಯೂನ್ ಮಾಡಿಸಿಕೊಂಡು ಹೋಗುವವರ ಗಾಡಿ ಘಾಟಿ ಇಳಿದಮೇಲೆ ಅದೇ ಬೂಸ್ಟ್‌ನಲ್ಲಿ ಹೆಚ್ಚು ಗಾಳಿ ಎಳೆಯುತ್ತದೆ, ಹೆಚ್ಚು ಪೆಟ್ರೋಲ್ ಕೇಳುತ್ತದೆ. ಅವರಿಗೆ ಇಂಜೆಕ್ಟರಿನಲ್ಲಿ ಇನ್ನಷ್ಟು ಜಾಗ ಬಿಟ್ಟೇ ಮ್ಯಾಪ್ ಬರೆಯುತ್ತೇವೆ. ಗಾಡಿ ಹೆಚ್ಚಾಗಿ ಎಲ್ಲಿ ಓಡುತ್ತದೆ ಅಂತ ಬುಕಿಂಗ್ ಮಾಡುವಾಗಲೇ ಹೇಳಿ.

ಕರಾವಳಿಯ ಇವೊ ಮಾಲೀಕರಿಗೆ ಇನ್ನೊಂದು ಸೂಚನೆ. ಹಿಂದಿನ ಚಕ್ರದ ಬಳಿ ಇರುವ ಎವೈಸಿ (ಹಿಂದಿನ ಎರಡು ಚಕ್ರಗಳಿಗೆ ಟಾರ್ಕ್ ಹಂಚುವ ವ್ಯವಸ್ಥೆ) ಪಂಪಿಗೆ ನೀರು, ಕೆಸರು ಸಿಡಿದು ತುಕ್ಕು ಹಿಡಿಯುತ್ತದೆ. ಮಳೆಗಾಲ ಮುಗಿದ ಕೂಡಲೇ ಅದನ್ನು ತೊಳೆಸಿ, ಒಣಗಿಸಿ, ನೋಡಿಸಿ.

ವಾರಕ್ಕೊಮ್ಮೆ ಮಾತ್ರ ಗಾಡಿ ತೆಗೆಯುವವರು ಗಮನಿಸಿ. ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ಇ20 ತಿಂಗಳುಗಟ್ಟಲೆ ನಿಲ್ಲಬಾರದು. ನಿಲ್ಲಿಸಲೇಬೇಕಾದರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ. ಇ20ಗೆ ತಕ್ಕ ರಬ್ಬರ್ ಮತ್ತು ಸೀಲ್‌ಗಳು ಹೊಸ ಗಾಡಿಗಳಿಗೆ ಬಂದದ್ದು 2023ರ ಏಪ್ರಿಲ್ ಆಸುಪಾಸಿನಿಂದ. ಅದಕ್ಕಿಂತ ಹಳೆಯ ಗಾಡಿಗಳ ಪೆಟ್ರೋಲ್ ಹೋಸ್‌ಗಳನ್ನು ತಪಾಸಣೆಯಲ್ಲಿ ಮುಟ್ಟಿ ನೋಡುತ್ತೇವೆ. ಮೆತ್ತಗಾಗಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಾಯಿಸದೆ ಗಾಡಿ ಹೊರಗೆ ಬಿಡುವುದಿಲ್ಲ. ಬಿಸಿ ಟರ್ಬೊ ಪಕ್ಕ ಪೆಟ್ರೋಲ್ ಸೋರುವುದು ಬೆಂಕಿಯ ವಿಷಯ. ಇದರಲ್ಲಿ ಚೌಕಾಸಿ ಇಲ್ಲ.

ಟ್ಯೂನ್ ಆದ ಗಾಡಿಗಳ ಆಯಿಲ್ ಇನ್ನು 5,000 ಕಿಲೋಮೀಟರ್ ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಕೊಯಮತ್ತೂರಿನ ಕರಿ ಟ್ರ್ಯಾಕಿಗೋ ಚೆನ್ನೈ ಟ್ರ್ಯಾಕಿಗೋ ಹೋಗಿ ಬಂದವರು ಕಿಲೋಮೀಟರ್ ನೋಡದೆ ಬದಲಾಯಿಸಿ.

ಇನ್ನು ಮುಂದೆ ಎರಡು ಕೆಲಸ ನಾವು ಮಾಡುವುದಿಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಭಾಗ) ಕಿತ್ತು ಬರೀ ಪೈಪ್ ಹಾಕುವುದು ಒಂದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೆ ಅವಕಾಶ ಕೊಡುವುದಿಲ್ಲ, ದಂಡ ಕಟ್ಟಬೇಕಾದವರು ನೀವು. ಅದಕ್ಕಿಂತ ಮುಖ್ಯವಾಗಿ, ರಾತ್ರಿ ಮನೆಗಳ ಮುಂದೆ ಆ ಸದ್ದು ಯಾರಿಗೂ ಬೇಡ. ಇನ್ನೊಂದು, ಇವೊ, ಇಂಪ್ರೆಜಾ ಥರದ ಗಾಡಿಗಳಿಗೆ ಗಾಳಿಯನ್ನು ಹೊರಗೆ ಬಿಡುವ ಬ್ಲೋ ಆಫ್ ವಾಲ್ವ್ ಹಾಕುವುದು. ಸೆನ್ಸರ್ ಆಗಲೇ ಅಳೆದ ಗಾಳಿ ಹೊರಗೆ ಹೋದರೆ ಇಸಿಯು ಇಲ್ಲದ ಗಾಳಿಗೂ ಪೆಟ್ರೋಲ್ ಕೊಡುತ್ತದೆ. ಗೇರ್ ಬದಲಾಯಿಸಿದಾಗಲೆಲ್ಲ ಗಾಡಿ ಮುಗ್ಗರಿಸುತ್ತದೆ.

ದಿನಕ್ಕೆ ಒಂದೇ ಗಾಡಿ ತಗೊಳ್ಳುತ್ತೇವೆ, ಹಾಗಾಗಿ ಮುಂಚೆಯೇ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ. ಹಳೆಯ ಗ್ರಾಹಕರಲ್ಲಿ ಇವೊ ಇರುವವರಿಗೆ ಮೊದಲ ಸರದಿ. ಬರುವಾಗ ಸರ್ವಿಸ್ ಪುಸ್ತಕ, ಕೊನೆಯ ಎರಡು ಮೂರು ಪೆಟ್ರೋಲ್ ಬಿಲ್ ತನ್ನಿ. ಟ್ಯಾಂಕಿನಲ್ಲಿ ಅರ್ಧಕ್ಕಿಂತ ಜಾಸ್ತಿ, ನೀವು ಯಾವಾಗಲೂ ಹಾಕಿಸುವ ಬಂಕಿನ ಪೆಟ್ರೋಲೇ ಇರಲಿ.

ಇಂತಿ,
ನಿಮ್ಮ ವರ್ಕ್‌ಶಾಪಿನ ಎಲ್ಲರ ಪರವಾಗಿ