ಮಗಳಿಗೊಂದು ಪತ್ರ: ಅಂಗೈಯಗಲದ ಮಗ್ಗ

ಪ್ರೀತಿಯ ಮಗಳೇ,

ನಾಲ್ಕಾರು ಜನಕ್ಕೆ ಕೈಯಾರೆ ಏನಾದರೂ ನೇಯ್ದು ಕೊಡಬೇಕು, ಪುಟ್ಟ ಮಗ್ಗ ಹೇಗೆ ಮಾಡಿಕೊಳ್ಳುವುದು ಎಂದು ಕೇಳಿದ್ದೀಯಲ್ಲ, ಅದನ್ನು ಫೋನಿನಲ್ಲಿ ಹೇಳಿದರೆ ಅಳತೆಗಳೆಲ್ಲ ಗಾಳಿಗೆ ಹೋಗುತ್ತವೆ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ರಟ್ಟು, ಸ್ಕೇಲು, ಕತ್ತರಿ, ದಾರ ಪಕ್ಕದಲ್ಲಿಟ್ಟುಕೊಂಡು ಓದು.

ಮೊದಲೇ ಹೇಳಿಬಿಡುತ್ತೇನೆ, ಬಣ್ಣ ಮತ್ತು ವಿನ್ಯಾಸದ ಮಾತು ಈ ಪತ್ರದಲ್ಲಿ ಕಡಿಮೆ, ಗಟ್ಟಿತನದ ಮಾತೇ ಜಾಸ್ತಿ. ಕೈಯಿಂದ ಮಾಡಿಕೊಟ್ಟದ್ದು ಎರಡು ವಾರಕ್ಕೆ ಬಿಚ್ಚಿಕೊಂಡರೆ ಪಡೆದವರಿಗೆ ಇಕ್ಕಟ್ಟು. ಬಿಸಾಡಲು ಮನಸ್ಸು ಬಾರದು, ಬಳಸಲು ಬಾರದು, ನಿನ್ನ ಮುಂದೆ ಹೇಳಿಕೊಳ್ಳಲೂ ಆಗದು. ಅಕ್ಕರೆಯಿಂದ ಕೊಟ್ಟದ್ದು ಅವರಿಗೆ ಹೊರೆ ಆಗಬಾರದು ಅಂದರೆ ಎಳೆ, ಅಂಚು, ಗಂಟು ಈ ಮೂರೂ ಸರಿಯಿರಬೇಕು.

ಪುಸ್ತಕದಲ್ಲಿ ಇಡುವ ಗುರುತುಪಟ್ಟಿಯಿಂದ ಶುರು ಮಾಡು. ನಾಲ್ಕೂವರೆ ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದ. ಇದಕ್ಕೆ 8 ಸೆಂ.ಮೀ. ಅಗಲ, 24 ಸೆಂ.ಮೀ. ಉದ್ದದ ದಪ್ಪ ರಟ್ಟು ಸಾಕು. ಪಾರ್ಸೆಲ್ ಬಂದ ಡಬ್ಬದ ರಟ್ಟಾದರೆ ಒಳಗಿನ ಅಲೆಯಂಥ ಗೆರೆಗಳು ಉದ್ದುದ್ದಕ್ಕೆ ಹೋಗುವಂತೆ ಕತ್ತರಿಸು. ಹತ್ತು ಎಳೆಗಳು ಸೇರಿ ಎಳೆದಾಗ ಅಡ್ಡಗೆರೆಯ ರಟ್ಟು ನಡುವೆ ಮಡಚಿಕೊಂಡುಬಿಡುತ್ತದೆ, ಉದ್ದಗೆರೆಯದು ತಡೆದುಕೊಳ್ಳುತ್ತದೆ. ರಟ್ಟು ತೆಳು ಅನ್ನಿಸಿದರೆ ಎರಡು ಸೇರಿಸಿ ಅಂಟಿಸು.

ಎರಡೂ ಗಿಡ್ಡ ಅಂಚುಗಳಿಗೆ ಮೊದಲು ಟೇಪ್ ಸುತ್ತಿ, ಆಮೇಲೆ ಕಚ್ಚು ಹಾಕು. ಟೇಪ್ ಇಲ್ಲದಿದ್ದರೆ ದಾರ ರಟ್ಟನ್ನೇ ಕೊಯ್ದುಕೊಂಡು ಒಳಗಿಳಿಯುತ್ತದೆ, ಬಿಗಿ ಹೋಗುತ್ತದೆ. ಮೇಲೆ ಹತ್ತು, ಕೆಳಗೆ ಹತ್ತು ಕಚ್ಚು. ಒಂದರಿಂದ ಇನ್ನೊಂದಕ್ಕೆ 5 ಮಿ.ಮೀ., ಆಳವೂ ಅಷ್ಟೇ. ಮೇಲಿನ ಕಚ್ಚಿಗೆ ನೇರ ಎದುರಾಗಿಯೇ ಕೆಳಗಿನದು ಬರಬೇಕು, ಸ್ಕೇಲಿಟ್ಟು ಗೆರೆ ಎಳೆದುಕೋ. ಕಣ್ಣಳತೆ ಇಲ್ಲಿ ನಡೆಯುವುದಿಲ್ಲ.

ಇನ್ನು ಹಾಸು. ಉದ್ದಕ್ಕೆ ಕಟ್ಟುವ ಎಳೆ ಹಾಸು, ಅಡ್ಡಕ್ಕೆ ಹೋಗುವುದು ಹೊಕ್ಕು. ಎರಡಕ್ಕೂ ಒಂದೇ ದಾರ ಆಗಬೇಕಿಲ್ಲ, ಆಗದಿದ್ದರೇ ಒಳ್ಳೆಯದು. ಹಾಸಿನ ಎಳೆಗೆ ಹತ್ತಿಯ ಹುರಿದಾರ ತೆಗೆದುಕೋ. ಎರಡು ಕೈಯಲ್ಲಿ ಹಿಡಿದು ಜಗ್ಗಿದರೆ ಅದು ಹಿಗ್ಗಬಾರದು, ಉಗುರಿನಿಂದ ಕೆರೆದರೆ ನಾರು ಏಳಬಾರದು. ಉಣ್ಣೆದಾರವನ್ನು ಹಾಸಿನ ಎಳೆಯಾಗಿ ಹಾಕಿದರೆ ಕಟ್ಟುವಾಗ ಹಿಗ್ಗಿ, ಮಗ್ಗದಿಂದ ಇಳಿಸಿದ ಮೇಲೆ ಕುಗ್ಗಿ, ಪಟ್ಟಿ ಮುದುಡಿಕೊಳ್ಳುತ್ತದೆ. ಹತ್ತು ಎಳೆ ಗುಣಿಸು 24 ಸೆಂ.ಮೀ., ಅಂದರೆ 240. ತುದಿಗಳಿಗೂ ಸೇರಿಸಿ 3 ಮೀಟರ್ ಕತ್ತರಿಸಿಕೋ. ಒಂದು ತುದಿಯನ್ನು ರಟ್ಟಿನ ಹಿಂದೆ ಟೇಪಿನಿಂದ ಅಂಟಿಸಿ, ಮೊದಲ ಕಚ್ಚಿನಿಂದ ಮುಂದಕ್ಕೆ ತಂದು, ಕೆಳಗಿನ ಕಚ್ಚಿಗೆ ಇಳಿಸಿ, ಎರಡು ಕಚ್ಚುಗಳ ನಡುವಿನ ರಟ್ಟಿನ ಹಲ್ಲಿನ ಹಿಂದೆ ಹಾಯಿಸಿ, ಪಕ್ಕದ ಕಚ್ಚಿನಿಂದ ಮತ್ತೆ ಮೇಲಕ್ಕೆ ಒಯ್ಯಿ. ಇಡೀ ರಟ್ಟನ್ನು ಸುತ್ತಬೇಡ. ಹಿಂಬದಿಯಲ್ಲಿ ಹಲ್ಲಿನಷ್ಟಗಲದ ತುಣುಕುಗಳು ಮಾತ್ರ ಕಾಣಬೇಕು.

ಬಿಗಿ ಎಷ್ಟಿರಬೇಕು ಅನ್ನುವುದನ್ನು ಬೆರಳಿಗೇ ಕೇಳು. ಎಳೆಗಳ ನಡುವೆ ಬೆರಳೂರಿದರೆ ಸ್ವಲ್ಪ ತಗ್ಗಿ, ಬಿಟ್ಟಕೂಡಲೇ ಮೇಲೇಳಬೇಕು. ರಟ್ಟು ಬಿಲ್ಲಿನ ಹಾಗೆ ಬಾಗಿದರೆ ಬಿಗಿ ಹೆಚ್ಚಾಗಿದೆ. ಹತ್ತರಲ್ಲಿ ಒಂದೇ ಒಂದು ಎಳೆ ಸಡಿಲವಿದ್ದರೂ ನೇಯ್ದ ಮೇಲೆ ಅಲ್ಲೊಂದು ಗುಬುಟು ಏಳುತ್ತದೆ. ಹಾಗಾಗಿ ಕೊನೆಯ ತುದಿ ಅಂಟಿಸುವ ಮುಂಚೆ ಮೊದಲ ಎಳೆಯಿಂದ ಒಂದೊಂದನ್ನೇ ಜಗ್ಗುತ್ತ ಬಂದು, ಉಳಿದ ಸಡಿಲವನ್ನೆಲ್ಲ ಹತ್ತನೆಯದರಲ್ಲಿ ಎಳೆದುಕೋ.

ನೇಯುವ ಮುನ್ನ ತುದಿಯಿಂದ ನಾಲ್ಕೂವರೆ ಸೆಂ.ಮೀ. ಬಿಟ್ಟು, ಬೆರಳಗಲದ ಕಾಗದದ ಪಟ್ಟಿಗಳು ಎರಡನ್ನು ಎಳೆಗಳ ಮೇಲೆ ಕೆಳಗೆ ತೂರಿಸು. ಆ ಖಾಲಿ ಜಾಗ ಕುಚ್ಚಿಗೆ. ಕಾಗದ ಇದ್ದರೆ ಎಳೆಗಳು ಸಮನಾಗಿ ಹರಡುತ್ತವೆ, ಮೊದಲ ಸಾಲನ್ನು ಒತ್ತಲು ಆಸರೆಯೂ ಸಿಗುತ್ತದೆ. ಇದನ್ನು ಬಿಟ್ಟರೆ ಮೊದಲ ನಾಲ್ಕೈದು ಸಾಲು ಕೆಳಗೆ ಜಾರುತ್ತಲೇ ಇರುತ್ತವೆ.

ಹೊಕ್ಕಿಗೆ ಸ್ವೆಟರ್ ಹೆಣೆಯುವ ದಪ್ಪದ ದಾರ ಒಳ್ಳೆಯದು. ಚೆನ್ನಾಗಿ ಒತ್ತಿದರೆ ಒಂದು ಸೆಂ.ಮೀ.ಗೆ ಸುಮಾರು ಐದು ಸಾಲು ಕೂರುತ್ತವೆ. 15 ಸೆಂ.ಮೀ.ಗೆ 75 ಸಾಲು, ಸಾಲಿಗೆ 5 ಸೆಂ.ಮೀ.ಗಿಂತ ತುಸು ಹೆಚ್ಚು ದಾರ, ಒಟ್ಟು ಸುಮಾರು ನಾಲ್ಕೂವರೆ ಮೀಟರ್. ಅಷ್ಟನ್ನೂ ಒಟ್ಟಿಗೆ ಸೂಜಿಗೆ ಪೋಣಿಸಬೇಡ. ಒಂದು ಮೀಟರಿನ ತುಂಡು ಸಾಕು. ಉದ್ದ ಜಾಸ್ತಿಯಾದರೆ ಸಿಕ್ಕಾಗುತ್ತದೆ, ಹಾಸಿನ ಮೇಲೆ ಉಜ್ಜಿ ಉಜ್ಜಿ ಕೊನೆಯಷ್ಟರಲ್ಲಿ ಸವೆದೂ ಹೋಗುತ್ತದೆ. ಸೂಜಿ ದಪ್ಪ, ಮೊಂಡು ಮೂತಿಯದಿರಲಿ. ಚೂಪಾದ ಸೂಜಿ ಎಳೆಯ ಪಕ್ಕದಲ್ಲಿ ಹೋಗುವ ಬದಲು ಎಳೆಯನ್ನೇ ಸೀಳಿಕೊಂಡು ಹೋಗುತ್ತದೆ.

ಒಂದು ಎಳೆಯ ಮೇಲೆ, ಒಂದರ ಕೆಳಗೆ. ಹಿಂದಿರುಗುವಾಗ ತಿರುಗಮುರುಗ. ಹಾಸಿನಲ್ಲಿ ಹತ್ತು ಎಳೆ ಹಾಕಲು ಹೇಳಿದ್ದಕ್ಕೆ ಕಾರಣ ಇಲ್ಲಿದೆ. ಸಮಸಂಖ್ಯೆಯ ಎಳೆಗಳಿದ್ದರೆ ಪ್ರತಿ ಸಾಲೂ, ಯಾವ ಕಡೆಯಿಂದ ಹೊರಟರೂ, ಮೇಲಿಂದಲೇ ಶುರುವಾಗಿ ಕೆಳಗಿಂದಲೇ ಮುಗಿಯುತ್ತದೆ. ಸಾಲಿನ ಕೊನೆಯಲ್ಲಿ ಸೂಜಿ ಹತ್ತನೇ ಎಳೆಯ ಮೇಲೆ ಬಂತೋ, ನಡುವೆ ಎಲ್ಲೋ ಒಂದು ಎಳೆ ಹಾರಿದೆ ಎಂದು ತಿಳಿ. ಅಲ್ಲೇ ಬಿಚ್ಚು. ಹತ್ತು ಸಾಲು ಮುಂದೆ ಹೋದ ಮೇಲೆ ಕಂಡರೆ ಹತ್ತೂ ಬಿಚ್ಚಬೇಕಾಗುತ್ತದೆ. ಹಾರಿದ ಎಳೆ ಬರೀ ನೋಟದ ದೋಷವಲ್ಲ, ಅಲ್ಲಿ ಉದ್ದವಾಗಿ ನಿಂತ ದಾರ ಉಗುರಿಗೆ, ಪುಟದ ಮೂಲೆಗೆ ಸಿಕ್ಕಿ ಎಳೆದುಬರುತ್ತದೆ.

ಈಗ ಎಲ್ಲರೂ ಎಡವುವ ಜಾಗ. ಕೆಳಗೆ ನಾಲ್ಕೂವರೆ ಸೆಂ.ಮೀ. ಇದ್ದ ಪಟ್ಟಿ ನಡುವೆ ಬರುವಷ್ಟರಲ್ಲಿ ಮೂರೂವರೆಗೆ ಇಳಿದು, ಡಮರುವಿನ ಹಾಗೆ ಸೊಂಟ ಮಾಡಿಕೊಂಡು ಕೂರುತ್ತದೆ. ದಾರವನ್ನು ಗಟ್ಟಿಯಾಗಿ ಎಳೆದೆ ಅನ್ನುವುದು ಅರ್ಧ ಕಾರಣ ಅಷ್ಟೆ. ಹೊಕ್ಕು ನೇರವಾಗಿ ಹೋಗುವುದಿಲ್ಲ, ಎಳೆಗಳ ಮೇಲೆ ಕೆಳಗೆ ಏರಿಳಿಯುತ್ತ ಹೋಗುತ್ತದೆ. ಆ ಏರಿಳಿತಕ್ಕೆ ಪಟ್ಟಿಯ ಅಗಲಕ್ಕಿಂತ ಹೆಚ್ಚು ದಾರ ಬೇಕು. ನೀನು ಅಗಲಕ್ಕೆ ತಕ್ಕಷ್ಟೇ ಕೊಟ್ಟೆಯಾದರೆ ಸಾಲನ್ನು ಒತ್ತಿದಾಗ ಕೊರತೆಯಾದ ದಾರವನ್ನು ಅದು ಎರಡೂ ಅಂಚುಗಳನ್ನು ಒಳಗೆಳೆದು ತುಂಬಿಕೊಳ್ಳುತ್ತದೆ. ಆದ್ದರಿಂದ ಹೊಕ್ಕನ್ನು ನೇರ ಗೆರೆಯಾಗಿ ಇಡಬೇಡ. ಅಂಚಿನಲ್ಲಿ ಎಳೆಗೆ ಮೆತ್ತಗೆ ತಾಗಿಸಿ, ನಡುವೆ ಒಂದು ಸೆಂ.ಮೀ.ಯಷ್ಟು ಕಮಾನು ಏಳುವಂತೆ ಬಿಟ್ಟು, ಆಮೇಲೆ ಬಾಚಣಿಗೆಯಿಂದ ಕೆಳಕ್ಕೆ ಒತ್ತು. ಕಮಾನು ಚಪ್ಪಟೆಯಾಗುತ್ತ ತನಗೆ ಬೇಕಾದ ದಾರವನ್ನು ಅದರಿಂದಲೇ ತೆಗೆದುಕೊಳ್ಳುತ್ತದೆ. ಕಮಾನು ಅತಿಯಾದರೆ ಅಂಚಿನಲ್ಲಿ ಕಿವಿಯಂಥ ಕುಣಿಕೆ ಹೊರಚಾಚುತ್ತದೆ, ಅದನ್ನು ನೋಡಿ ಕಡಿಮೆ ಮಾಡಿಕೋ. ಮೊದಲ ಸಾಲಿನ ಅಗಲಕ್ಕೆ ಸರಿಯಾಗಿ ಕಾಗದದ ತುಂಡೊಂದನ್ನು ಕತ್ತರಿಸಿಟ್ಟುಕೊಂಡು ಪ್ರತಿ ಎರಡು ಸೆಂ.ಮೀ.ಗೆ ಒಮ್ಮೆ ಮೇಲಿಟ್ಟು ನೋಡು. ಎರಡು ಮಿ.ಮೀ. ಕುಗ್ಗಿದ್ದರೆ ಮುಂದಿನ ಸಾಲುಗಳಲ್ಲಿ ತಿದ್ದಿಕೊಳ್ಳಬಹುದು. ಐದು ಕುಗ್ಗಿದ್ದರೆ ಬಿಚ್ಚುವುದೇ ದಾರಿ.

ಬಾಚಣಿಗೆಯ ಏಟು ಇಡೀ ಅಗಲಕ್ಕೂ ಒಂದೇ ಸಮ ಬೀಳಲಿ. ನಡುವೆಯೇ ಒತ್ತುತ್ತಿದ್ದರೆ ಸಾಲುಗಳು ತೊಟ್ಟಿಲಿನಂತೆ ತಗ್ಗುತ್ತವೆ.

ದಾರ ಮುಗಿದಾಗ ಗಂಟು ಹಾಕುವ ಆಸೆ ಬರುತ್ತದೆ. ಬೇಡ. ಗಂಟು ಪುಸ್ತಕದ ಪುಟದಲ್ಲಿ ಗುಳಿ ಬೀಳಿಸುತ್ತದೆ, ಲೋಟದ ಅಡಿಯಲ್ಲಿದ್ದರೆ ಲೋಟ ಅಲುಗುತ್ತದೆ. ಹಳೆಯ ದಾರದ ಕೊನೆಯ ಎರಡು ಮೂರು ಸೆಂ.ಮೀ. ಯಾವ ಎಳೆಗಳ ಮೇಲೆ ಕೆಳಗೆ ಹೋಗಿದೆಯೋ, ಹೊಸ ದಾರವನ್ನೂ ಅದೇ ಹಾದಿಯಲ್ಲಿ ಅದರ ಜೊತೆಗೇ ಹಾಯಿಸು. ತುದಿಗಳನ್ನು ಹಿಂಬದಿಗೆ ತಳ್ಳಿ ಮುಂದೆ ಹೋಗು. ಮೇಲಿನ ಸಾಲುಗಳ ಒತ್ತಡವೇ ಎರಡನ್ನೂ ಹಿಡಿದಿಡುತ್ತದೆ. ಈ ಜೋಡಣೆ ಪಟ್ಟಿಯ ನಡುವೆ ಬರಲಿ, ಅಂಚಿನಲ್ಲಿ ಬಂದರೆ ಜಾರಿ ಈಚೆ ಬರುತ್ತದೆ.

ಬಣ್ಣಕ್ಕೆ ಒಂದೇ ಕಿವಿಮಾತು. ಎರಡು ಬಣ್ಣಗಳನ್ನು ಒಂದೊಂದು ಸಾಲಿಗೆ ಬದಲಿಸುತ್ತ ನೇಯ್ದು ಹಾಸು ಕಾಣದಷ್ಟು ಒತ್ತಿದರೆ ಪಟ್ಟಿಯ ಮೇಲೆ ಉದ್ದಗೆರೆಗಳು ಮೂಡುತ್ತವೆ. ಎರಡೆರಡು ಸಾಲಿಗೆ ಬದಲಿಸಿದರೆ ಅಡ್ಡಕ್ಕೆ ಸಣ್ಣ ಅಲೆಗಳು. ಹೊಸದೇನೂ ಕಲಿಯದೆ ಎರಡು ವಿನ್ಯಾಸ ಕೈಗೆ ಬಂದಂತೆ.

ಮಗ್ಗದಿಂದ ಇಳಿಸುವಾಗ ಅವಸರ ಮಾಡಬೇಡ. ಎಲ್ಲ ಎಳೆಗಳನ್ನೂ ಒಮ್ಮೆಗೇ ಕತ್ತರಿಸಿದರೆ ಕೊನೆಯ ಸಾಲುಗಳು ಕಣ್ಣೆದುರೇ ಬಿಚ್ಚಿಕೊಳ್ಳುತ್ತವೆ. ಎರಡೆಳೆ ಕತ್ತರಿಸು, ಗಂಟು ಹಾಕು, ಗಂಟನ್ನು ಬಿಗಿಯುವ ಮುನ್ನ ಸೂಜಿಯ ತುದಿಯಿಂದ ಅದನ್ನು ನೇಯ್ಗೆಯ ಬುಡದವರೆಗೂ ಸರಿಸಿ ಕೂರಿಸು, ಆಮೇಲೆ ಮುಂದಿನ ಎರಡು. ಒಂದು ತುದಿಗೆ ಐದು ಗಂಟು. ಬಿಗಿ ಹೋದಮೇಲೆ ಪಟ್ಟಿ ಒಂದು ಒಂದೂವರೆ ಸೆಂ.ಮೀ. ಗಿಡ್ಡವಾಗುತ್ತದೆ, ಅದು ತಪ್ಪಲ್ಲ. ಎಷ್ಟೇ ನೇಯ್ದರೂ ಹಾಗೇ ಆಗುವುದು. ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ಹಿಂಡದೆ ಟವೆಲ್ಲಿನಲ್ಲಿ ಒತ್ತಿ, ಮಟ್ಟಸವಾಗಿ ಹರಡಿ ಒಣಗಿಸು. ನೆನೆದ ಮೇಲೆ ಎಳೆಗಳು ಅವವೇ ಹೊಂದಿಕೊಂಡು ಸಣ್ಣಪುಟ್ಟ ಏರುಪೇರು ಮಾಯವಾಗುತ್ತದೆ. ಕಡುಬಣ್ಣದ ದಾರವಾದರೆ ನೇಯುವ ಮೊದಲೇ ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಸುತ್ತಿಡು. ಬಣ್ಣ ಬಿಟ್ಟರೆ ಆ ದಾರ ಬೇಡವೇ ಬೇಡ, ಯಾರದೋ ಪುಸ್ತಕ ಹಾಳಾಗುತ್ತದೆ.

ಪಟ್ಟಿ ಕೈಗೆ ಹತ್ತಿದ ಮೇಲೆ ಹೊಲಿಗೆಯಿಲ್ಲದ ಪುಟ್ಟ ಚೀಲ ಮಾಡು. ನನಗಂತೂ ಸಣ್ಣ ನೇಯ್ಗೆಗಳಲ್ಲೆಲ್ಲ ಇದೇ ಚೆಂದ. 6 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರದ ರಟ್ಟು, ಮೇಲೆ ಕೆಳಗೆ 5 ಮಿ.ಮೀ. ಅಂತರದಲ್ಲಿ ಹನ್ನೊಂದು ಹನ್ನೊಂದು ಕಚ್ಚು. ಇಲ್ಲಿ ಹಾಸನ್ನು ಇಡೀ ರಟ್ಟಿಗೇ ಸುತ್ತಬೇಕು. ತುದಿಯನ್ನು ಮೇಲಿನ ಮೊದಲ ಕಚ್ಚಿನ ಬಳಿ ಅಂಟಿಸಿ, ಮುಂಬದಿಯಲ್ಲಿ ಇಳಿಸಿ, ಬುಡದಿಂದ ಹಿಂಬದಿಗೆ ದಾಟಿಸಿ, ಮೇಲಿನ ಎರಡನೇ ಕಚ್ಚಿಗೆ ಹತ್ತಿಸಿ, ಮತ್ತೆ ಮುಂದೆ ಇಳಿಸು. ಹನ್ನೊಂದನೇ ಸಲ ಇಳಿದಾಗ ನಿಲ್ಲಿಸಿ, ಬುಡದಲ್ಲಿ ಹಿಂಬದಿಯ ಪಕ್ಕದೆಳೆಗೆ ಕಟ್ಟು. ಮುಂದೆ ಹನ್ನೊಂದು, ಹಿಂದೆ ಹತ್ತು, ಒಟ್ಟು ಇಪ್ಪತ್ತೊಂದು ಎಳೆ. 3 ಮೀಟರ್ ದಾರ ಸಾಕು.

ಇಲ್ಲಿ ಬೆಸಸಂಖ್ಯೆಯೇ ಆಗಬೇಕು. ಚೀಲ ನೇಯುವಾಗ ನೀನು ಹಿಂದಿರುಗುವುದಿಲ್ಲ, ಮುಂದೆ ಹಿಂದೆ ಎರಡೂ ಬದಿ ಸುತ್ತುತ್ತಲೇ ಇರುತ್ತೀಯ. ಎಳೆಗಳು ಸಮಸಂಖ್ಯೆಯಲ್ಲಿದ್ದರೆ ಎರಡನೇ ಸುತ್ತೂ ಮೊದಲಿನದರ ಹಾದಿಯಲ್ಲೇ ಬೀಳುತ್ತದೆ, ಮೂರನೆಯದೂ ಅಷ್ಟೇ. ಅದು ನೇಯ್ಗೆಯೇ ಅಲ್ಲ, ಎಳೆದರೆ ಪೂರ್ತಿ ಬಿಚ್ಚಿಬರುತ್ತದೆ. ಒಂದು ಎಳೆ ಹೆಚ್ಚಿದ್ದರೆ ಪ್ರತಿ ಸುತ್ತೂ ತಾನಾಗಿಯೇ ತಿರುಗಮುರುಗ ಆಗುತ್ತದೆ. ಬುಡದಿಂದ ಶುರುಮಾಡು, ಮೊದಲ ನಾಲ್ಕು ಸುತ್ತನ್ನು ಚೆನ್ನಾಗಿ ಕೆಳಕ್ಕೆ ಒತ್ತು, ಇಲ್ಲವಾದರೆ ಚೀಲದ ತಳದಲ್ಲಿ ಕಿಂಡಿ ಉಳಿಯುತ್ತದೆ. 8 ಸೆಂ.ಮೀ. ಎತ್ತರಕ್ಕೆ ಸುಮಾರು 5 ಮೀಟರ್ ಹೊಕ್ಕು. ಆಮೇಲೆ ಮೇಲಂಚಿನಲ್ಲಿ ಎಳೆಗಳನ್ನು ಎರಡೆರಡಾಗಿ ಕತ್ತರಿಸಿ, ಮುಂಬದಿಯವನ್ನು ಮುಂಬದಿಯವಕ್ಕೇ, ಹಿಂಬದಿಯವನ್ನು ಹಿಂಬದಿಯವಕ್ಕೇ ಗಂಟು ಹಾಕು. ಮುಂಬದಿಯಲ್ಲಿ ಜೋಡಿಯಿಲ್ಲದೆ ಒಂದು ಎಳೆ ಮಿಗುತ್ತದೆ, ಅದನ್ನು ಕೊನೆಯ ಗಂಟಿಗೆ ಮೂರನೆಯದಾಗಿ ಸೇರಿಸು. ತುದಿಗಳನ್ನು ಸೂಜಿಯಿಂದ ಒಳಬದಿಗೆ ನೇಯ್ದು ಮುಚ್ಚಿ, ರಟ್ಟನ್ನು ಮಡಚಿ ಹೊರಗೆಳೆ.

ಯಾರಿಗೆ ಏನು ಅನ್ನುವುದನ್ನು ದಾರ ಆರಿಸುವ ಮೊದಲೇ ಯೋಚಿಸು. ಹಸುಗೂಸಿರುವ ಮನೆಗಾದರೆ ಕುಚ್ಚು, ಗುಂಡಿ, ಮಣಿ ಯಾವುದೂ ಬೇಡ. ಬಾಯಿಗೆ ಹೋಗುತ್ತವೆ, ಬೆರಳಿಗೆ ಸುತ್ತಿಕೊಳ್ಳುತ್ತವೆ. ಕೈಬೆರಳು ನೋಯುವ ಹಿರಿಯರಿಗೆ ಕಟ್ಟುವ ದಾರದ ಚೀಲ ಕೊಡಬೇಡ, ದೊಡ್ಡ ಗುಂಡಿ, ಸಡಿಲ ಕುಣಿಕೆ ಇರಲಿ. ಬಿಸಿ ಲೋಟದ ಅಡಿಗೆ ಇಡುವ 10 ಸೆಂ.ಮೀ. ಚೌಕಕ್ಕೆ ಹತ್ತಿದಾರವೇ ಸರಿ, ನೀರು ಹೀರುತ್ತದೆ. ಅಕ್ರಿಲಿಕ್ ದಾರ ಶಾಖಕ್ಕೆ ಮೆತ್ತಗಾಗುತ್ತದೆ, ಬಿಸಿ ಇಸ್ತ್ರಿಪೆಟ್ಟಿಗೆಗೆ ಅಂಟುತ್ತದೆ. ಕಾಯಿಲೆಯಿಂದ ಮಲಗಿದವರಿಗೆ ಕೊಡುವುದು ಪದೇಪದೇ ಒಗೆಯಲು ಬರುವಂತಿರಲಿ, ಅಲ್ಲೂ ಹತ್ತಿಯೇ. ಉಣ್ಣೆಯನ್ನು ಬಿಸಿನೀರಿನಲ್ಲಿ ಸೋಪು ಹಾಕಿ ತಿಕ್ಕಿದರೆ ನಾರಿನ ಮೇಲಿರುವ ಸಣ್ಣ ಪೊರೆಗಳು ಒಂದಕ್ಕೊಂದು ಕಚ್ಚಿಕೊಂಡು ಇಡೀ ಪಟ್ಟಿ ಕಂಬಳಿಯ ತುಂಡಿನಂತೆ ಗಟ್ಟಿಯಾಗಿ ಕುಗ್ಗಿಬಿಡುತ್ತದೆ. ಹಾಗಾಗಿ ಉಣ್ಣೆಯದು ಕೊಟ್ಟರೆ ಒಂದು ಚೀಟಿಯಲ್ಲಿ "ತಣ್ಣೀರು, ತಿಕ್ಕಬೇಡಿ" ಎಂದು ಬರೆದಿಡು. ತರಗತಿಗೆ ಹೊಸದಾಗಿ ಬಂದು ಇನ್ನೂ ಯಾರೊಂದಿಗೂ ಬೆರೆಯದ ಹುಡುಗಿಗೆ ಕೊಡಬೇಕೆಂದಿದ್ದೀಯಲ್ಲ, ಅವಳಿಗೆ ಗುರುತುಪಟ್ಟಿಯೇ ಸರಿ. ಅವಳ ಪುಸ್ತಕದೊಳಗೆ ಸುಮ್ಮನೆ ಇದ್ದುಬಿಡುತ್ತದೆ, ಎಲ್ಲರೆದುರು ಹಾಕಿಕೊಂಡು ತೋರಿಸಬೇಕಾದ ಮುಜುಗರವಿಲ್ಲ. ಕೊಡುವಾಗ ಎಷ್ಟು ಹೊತ್ತು ಹಿಡಿಯಿತು ಎಂದು ಹೇಳಬೇಡ, ತಿರುಗಿ ಏನಾದರೂ ಕೊಡಬೇಕಲ್ಲ ಎಂಬ ಚಿಂತೆ ಹತ್ತುತ್ತದೆ.

ಮೊದಲನೆಯದನ್ನು ಯಾರಿಗೂ ಕೊಡಬೇಡ, ನಿನ್ನ ಪುಸ್ತಕದಲ್ಲೇ ಒಂದು ವಾರ ಇಟ್ಟು ಬಳಸು. ಯಾವ ಗಂಟು ಸಡಿಲವಾಯಿತು, ಎಲ್ಲಿ ತುದಿ ಈಚೆ ಬಂತು ಗೊತ್ತಾಗುತ್ತದೆ. ಅದರ ಫೋಟೋ ಕಳಿಸು, ಮುಂಬದಿಯದಲ್ಲ, ಹಿಂಬದಿಯದು.

ನಿನ್ನ
ಅಮ್ಮ