ನಮ್ಮ ಕ್ಷೇತ್ರದ ಶಾಸಕರಿಗೆ ಬಹಿರಂಗ ಪತ್ರ: ಕ್ಷಯ ಪತ್ತೆಯ ಯಂತ್ರಕ್ಕೆ ಚಿಪ್ ತರಿಸಿಕೊಡಿ

ಮಾನ್ಯ ಶಾಸಕರೇ,

ಕಳೆದ ತಿಂಗಳು ಮಂಗಳೂರಿನ ಕಾಲೇಜೊಂದರಲ್ಲಿ ನ್ಯಾನೊ ತಂತ್ರಜ್ಞಾನದ ವಿಚಾರ ಸಂಕಿರಣ ಉದ್ಘಾಟಿಸಿದ ತಾವು, ಡಿಎನ್‌ಎ ಎಳೆಯನ್ನೇ ಕಾಗದದಂತೆ ಮಡಚಿ ಔಷಧ ತುಂಬುವ ಪೆಟ್ಟಿಗೆ ಮಾಡುವ ಕಾಲ ಬಂದಿದೆ ಎಂದು ಹೇಳಿದ್ದನ್ನು ಕೇಳಿದೆ. ಮಾತು ಸುಳ್ಳಲ್ಲ, ಡಿಎನ್‌ಎ ಒರಿಗಾಮಿ 2006ರಲ್ಲೇ ಪ್ರಕಟವಾದ ವಿದ್ಯೆ. ಆದರೆ ರೋಗಾಣುವಿನ ಡಿಎನ್‌ಎ ಹುಡುಕಿ ಕ್ಷಯವನ್ನು ಗುರುತಿಸುವ ಟ್ರೂನ್ಯಾಟ್ ಯಂತ್ರ ನಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿ ಬಟ್ಟೆ ಹೊದ್ದು ಕುಳಿತಿದೆ. ಪ್ರತಿ ಪರೀಕ್ಷೆಗೂ ಹೊಸದಾಗಿ ಹಾಕಬೇಕಾದ ಪುಟ್ಟ ಚಿಪ್ ಅದಕ್ಕೆ ಇಲ್ಲ. ದಯವಿಟ್ಟು ಚಿಪ್ ತರಿಸಿಕೊಡಿ.

ಮಲ್ಪೆಯಲ್ಲಿ ಬೋಟಿಗೆ ಹೋಗುವ ನನ್ನ ತಮ್ಮನಿಗೆ ಮೂರು ವಾರವಾದರೂ ಕೆಮ್ಮು ಬಿಡದಿದ್ದಾಗ ಅಲ್ಲಿಗೆ ಕರೆದೊಯ್ದೆ. ಸೂಕ್ಷ್ಮದರ್ಶಕದಲ್ಲಿ ಏನೂ ಕಾಣಲಿಲ್ಲ. ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 10,000 ರೋಗಾಣುಗಳಾದರೂ ಇಲ್ಲದಿದ್ದರೆ ಅದರಲ್ಲಿ ಕಾಣುವುದು ಕಷ್ಟ. ಅದಕ್ಕೇ ಮೊದಲು ನ್ಯಾಟ್, ಅಂದರೆ ಟ್ರೂನ್ಯಾಟ್‌ನಂತೆ ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆಯನ್ನೇ ಮಾಡಬೇಕೆಂಬ ನಿಯಮವಿದೆ, ತಮಗೆ ನಾನು ಹೇಳಿಕೊಡಬೇಕಾಗಿಲ್ಲ. ಯಂತ್ರ ಎಲ್ಲಿ ಎಂದು ಕೇಳಿದ್ದಕ್ಕೆ ಲ್ಯಾಬಿನವರು ಹಸಿರು ಬಟ್ಟೆ ಸರಿಸಿ ತೋರಿಸಿದರು. ಆಯುಧ ಪೂಜೆಗೆ ಹಚ್ಚಿದ ಗಂಧ, ಕುಂಕುಮ ಹಾಗೆಯೇ ಇತ್ತು. ಮೇಲೊಂದು ಒಣಗಿದ ಸೇವಂತಿಗೆ. "ಚಿಪ್ ಮುಗಿದು ನಾಲ್ಕು ತಿಂಗಳಾಯಿತು ಮಾರಾಯ್ರೆ" ಎಂದರು. ಪೂಜೆಗೆ ಮಾತ್ರ ಯಾವ ಕೊರತೆಯೂ ಆಗಿಲ್ಲ.

ಕಫವನ್ನು ಬಸ್ಸಿನಲ್ಲಿ ಬೇರೆ ಲ್ಯಾಬಿಗೆ ಕಳುಹಿಸಿದರು. ಹನ್ನೊಂದನೆಯ ದಿನ ಫೋನ್ ಬಂತು: ಡಬ್ಬಿ ಸೋರಿದೆ, ಇನ್ನೊಮ್ಮೆ ಕೊಡಿ. ಎರಡನೆಯದರ ವರದಿ ಕೈಸೇರುವಾಗ ಒಟ್ಟು 26 ದಿನ ಕಳೆದಿತ್ತು. ಕ್ಷಯವೇ. ಆ 26 ರಾತ್ರಿಯೂ ಅವನು ಅಮ್ಮ ಮತ್ತು ನನ್ನ ಐದು ವರ್ಷದ ಮಗಳು ಮಲಗುವ ಕೋಣೆಯಲ್ಲೇ ಮಲಗಿದ್ದ. ಯಂತ್ರ ಓಡಿದ್ದರೆ ಸುಮಾರು ಒಂದು ಗಂಟೆಯ ಕೆಲಸ. ರಿಫಾಂಪಿಸಿನ್ ಔಷಧಕ್ಕೆ ರೋಗ ಬಗ್ಗುತ್ತದೆಯೇ ಎಂದು ತಿಳಿಯಲು ಇನ್ನೊಂದು ಗಂಟೆ.

ಚಿಪ್ ಸಮುದ್ರದಾಚೆಯಿಂದ ಹಡಗಿನಲ್ಲಿ ಬರಬೇಕಾದ ವಸ್ತುವಲ್ಲ, ಮಾನ್ಯರೇ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಶಿಫಾರಸು ಮಾಡಿದ ಈ ಟ್ರೂನ್ಯಾಟ್ ಗೋವಾದ ಕಂಪನಿಯದು. ಉಡುಪಿಯಲ್ಲಿ ಕೊಂಕಣ ರೈಲು ಹತ್ತಿದರೆ ಅರ್ಧ ದಿನದೊಳಗೆ ಮಡಗಾಂವ್. ತಾವು ಇಂಡೆಂಟಿಗೆ, ಅಂದರೆ ಆಸ್ಪತ್ರೆಯ ಬೇಡಿಕೆ ಪತ್ರಕ್ಕೆ, ಸಹಿ ಹಾಕಿಸಿದರೆ ಚೀಲ ಹಿಡಿದು ನಾನೇ ಹೋಗಿ ತರುತ್ತೇನೆ.

ಮೂರು ಅರ್ಜಿ ಕೊಟ್ಟಿದ್ದೇನೆ. ಮೂರಕ್ಕೂ "ಪರಿಶೀಲನೆಯಲ್ಲಿದೆ" ಎಂಬ ಒಂದೇ ಉತ್ತರ. ಪೆಟ್ಟಿಗೆ ಮಡಚುವ ವಿದ್ಯೆ ನಿಧಾನಕ್ಕೆ ಬರಲಿ, ಮೊದಲು ಚಿಪ್ ಬರಲಿ. ಹತ್ತು ದಿನಗಳಿಂದ ಅಮ್ಮನೂ ಕೆಮ್ಮುತ್ತಿದ್ದಾರೆ. ಸೋಮವಾರ ಅವರ ಕಫ ಕೊಡಬೇಕು. ಅಷ್ಟರೊಳಗೆ ಚಿಪ್ ತರಿಸಿಕೊಡಿ.

ಇತಿ,
ತಮ್ಮ ಕ್ಷೇತ್ರದ ಮತದಾರ